ಗಾಲೀಚಾ ಕಾಕಾ

ನಮ್ಮ ಕಡೆ ಊರಿಗೊಬ್ಬ ಗಾಲೀಚಾ ಕಾಕಾ ಇದ್ದೇ ಇರುತ್ತಾರೆ. ಸೇಡಂನಲ್ಲಿ ಅವರು ತೊಗರಿ ಅಡತಿಯವರು, ಚಿತ್ತಾಪುರದಲ್ಲಿ ರಿಟೈರ್ ಆದ ಹೆಡ್‌ಮಾಸ್ತರು, ಶಹಾಬಾದಿನಲ್ಲಿ ಕಲ್ಲಿನ ಖಣಿಯವರು, ಚಿಂಚೋಳಿಯಲ್ಲಿ ಗುತ್ತೇದಾರರು. ನಾನು ಕಂಡವರು ವಾಡಿಯವರು. ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು, ಬಂದ ಹಣದಲ್ಲಿ ಹೊಸ ಮನೆ ಕಟ್ಟಿಸಿದವರು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು.

ಇವರನ್ನು ಗುರುತಿಸುವುದು ಸುಲಭ. ಯಾರದೇ ಮನೆಗೆ ಹೋಗಲಿ, ಚಹಾ ಬರುವುದರೊಳಗೆ ಬಗ್ಗಿ, ನೆಲಕ್ಕೆ ಹಾಸಿದ್ದನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕುತ್ತಾರೆ. ಆಮೇಲೆ ಬೆರಳು ಮೂಸುತ್ತಾರೆ. "ಇದು ಉಣ್ಣೆ ಅಲ್ರೀ, ಪಾಲಿಪ್ರೊಪಿಲಿನ್ ಅದ" ಎಂದು ತೀರ್ಪು ಕೊಡುತ್ತಾರೆ. ಮನೆಯವರ ಮುಖ ಎಷ್ಟು ಇಳಿಯುತ್ತದೋ ಕಾಕಾನ ಮುಖ ಅಷ್ಟೇ ಅರಳುತ್ತದೆ.

ಗಾಲೀಚಾದಲ್ಲಿ ಮುಖ್ಯ ಬಣ್ಣವೂ ಅಲ್ಲ, ಹೂವೂ ಅಲ್ಲ, ಪೈಲ್ ಎಂಬುದು ಕಾಕಾನ ಸಿದ್ಧಾಂತ. ಪೈಲ್ ಅಂದರೆ ಮೇಲೆದ್ದು ನಿಂತ ನೂಲು. ಕಾಕಾನ ಭಾಷೆಯಲ್ಲಿ 'ಕೂದಲ'. ಅವರ ತಲೆಯ ಮೇಲೆ ಅದು ಉಳಿದಿಲ್ಲವಾದ್ದರಿಂದ ನೆಲದ ಮೇಲಿನದರ ಬಗ್ಗೆ ಬಹಳ ಕಾಳಜಿ.

"ಕೇಳ್ರಿ," ಎಂದು ಶುರುಮಾಡುತ್ತಾರೆ. "ಒಂದು, ಕಟ್ ಪೈಲ್. ತುದಿ ಕತ್ತರಿಸಿದ್ದು, ಆಗಷ್ಟೇ ಕಟಿಂಗ್ ಮಾಡಿಸಿದಂಗ ಇರ್ತದ. ಮೆತ್ತಗ, ಮಖಮಲ್ಲು. ಆದ್ರ ನಡೆದವರ ಹೆಜ್ಜಿ ಎದ್ದು ಕಾಣ್ತಾವ. ಎರಡು, ಲೂಪ್. ಕತ್ತರಿಸದೇ ಕುಣಿಕಿ ಹಂಗೇ ಬಿಟ್ಟಿದ್ದು, ಗುಂಗುರುಗೂದಲ. ಭಾಳ ಬಾಳಿಕಿ ಬರ್ತದ. ಮೂರು, ಟ್ವಿಸ್ಟ್. ನೂಲು ಬಿಗಿಯಾಗಿ ಹೊಸೆದು ಕತ್ತರಿಸಿದ್ದು. ಹೆಜ್ಜಿ ಮುಚ್ಚಿಕೊಳ್ತದ, ಮಂದಿ ಓಡಾಡೋ ಕಡೆ ಬರೋಬರಿ. ನಾಕು, ಶ್ಯಾಗಿ. ಅದು ಸನ್ಯಾಸಿ ಜಡಿ!"

ಇಷ್ಟು ವಿದ್ಯೆ ಸುಮ್ಮನೆ ಬಂದದ್ದಲ್ಲ. ಇದಕ್ಕಾಗಿ ಕಾಕಾ ಮೂರು ಸಲ ಹೈದರಾಬಾದಿಗೆ ಹೋಗಿಬಂದಿದ್ದಾರೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲೇ ರೈಲು ಬಂದಿದೆ. ಚಿತ್ತಾಪುರ ದಾಟಿ ಮಳಖೇಡ ಬಂದಾಗ ಕಾಕಾ ಕಿಟಕಿಯತ್ತ ಕೈ ತೋರಿಸುತ್ತಾರೆ. "ನೃಪತುಂಗನ ರಾಜಧಾನಿ ಅದ. ಜಗತ್ತಿನ ನಾಲ್ಕು ದೊಡ್ಡ ದೊರಿಗಳೊಳಗ ನಮ್ಮ ರಾಷ್ಟ್ರಕೂಟರ ದೊರಿ ಒಬ್ಬ ಅಂತ ಅರಬ್ ದೇಶದ ಸುಲೈಮಾನ ಬರದಾನ. ಅಂಥಾವ ಬರೇ ಕಲ್ಲಿನ ಮ್ಯಾಲ ಕುಂತಿದ್ದನೇನ್ರಿ?" ಎದುರಿನ ಸೀಟಿನವರು ಸೇಡಂ ಬಂತೆಂದು ಇಳಿದು ಪಾರಾಗುತ್ತಾರೆ. ತಾಂಡೂರಿನ ಟಿಕೆಟ್ ಇದ್ದವರೂ ಬಾಗಿಲ ಬಳಿ ಹೋಗಿ ನಿಲ್ಲುತ್ತಾರೆ.

ಅಂಗಡಿಯಲ್ಲಿ ಕಾಕಾ ಚಪ್ಪಲಿ ಬಿಟ್ಟು ಗಾಲೀಚಾದ ಮೇಲೆ ಹತ್ತು ಹೆಜ್ಜೆ ನಡೆದು, ಹೊರಳಿ ನಿಂತು ತಮ್ಮ ಹೆಜ್ಜೆಯ ಗುರುತು ನೋಡುತ್ತಾರೆ. ಮೂಲೆ ಹಿಡಿದು ಹಿಂದಕ್ಕೆ ಮಡಚುತ್ತಾರೆ. ಕೂದಲ ನಡುವೆ ಬುಡ ಕಂಡರೆ ನೇಯ್ಗೆ ತೆಳು, ಬೇಡ. ಕಾಣದಿದ್ದರೆ ಒತ್ತು ನೇಯ್ಗೆ, ರೇಟು ಹೆಚ್ಚು, ಅದೂ ಬೇಡ. ಮೂವತ್ತು ಸುರುಳಿ ಬಿಚ್ಚಿಸಿ, ಎರಡು ಕಪ್ ಇರಾನಿ ಚಹಾ ಕುಡಿದು, ಅಂಗೈ ಅಗಲದ ಸ್ಯಾಂಪಲ್ ತುಂಡುಗಳೊಂದಿಗಷ್ಟೇ ಸಂಜೆಯ ಗಾಡಿ ಹತ್ತುತ್ತಾರೆ.

ಹೀಗೆ ಮನೆಯಲ್ಲಿ ಹನ್ನೊಂದು ತುಂಡು ಕೂಡಿದ್ದವು. ಒಂದು ದಿನ ಕಾಕಿ ಒಂದು ತುಂಡು ಹಿಡಿದು ಒಲೆಯ ಮೇಲಿನ ರೊಟ್ಟಿ ಹಂಚು ಇಳಿಸಿದರು. ತುಂಡು ಕರಗಿ ಹಂಚಿಗೆ ಅಂಟಿತು. ಉಣ್ಣೆಯಾಗಿದ್ದರೆ ಕರಗುತ್ತಿರಲಿಲ್ಲ, ಕೂದಲು ಸುಟ್ಟ ವಾಸನೆ ಬರುತ್ತಿತ್ತು. ಅಪ್ಪಟ ಉಣ್ಣೆಯೆಂದು ಕಾಕಾ ಒಂದು ತಿಂಗಳು ಕೊಂಡಾಡಿದ್ದು ಪ್ಲಾಸ್ಟಿಕ್ ನೂಲೆಂದು ಕಾಕಿ ಒಂದೇ ಕ್ಷಣದಲ್ಲಿ ಕಂಡುಹಿಡಿದರು. "ನಿಮ್ಮ ಪರೀಕ್ಷಾ ಭಾಳ ನಿಧಾನ ಅದ," ಎಂದಷ್ಟೇ ಹೇಳಿ ಹಂಚು ತಿಕ್ಕಲು ಕೂತರು.

ಎರಡು ವರ್ಷದ ವ್ಯಾಸಂಗ ಮುಗಿದು ಕೊನೆಗೆ ಗಾಲೀಚಾ ಬಂತು. ಯಾವುದು? ಶ್ಯಾಗಿ! ಎರಡಿಂಚು ಕೂದಲು, ಹಾಲಿನ ಕೆನೆಯ ಬಣ್ಣ. ಮಗ ವೀಡಿಯೊ ಕಾಲ್‌ನಲ್ಲಿ "ಸೂಪರ್ ಪಪ್ಪಾ" ಅಂದದ್ದೇ ಕಾರಣ. ಲೂಪ್ ಕಾಕಿಯಿಂದಾಗಿ ಮೊದಲೇ ಬಿದ್ದುಹೋಗಿತ್ತು. ಸ್ಯಾಂಪಲ್ಲಿನ ಮೇಲೆ ಕಾಲಿಟ್ಟರೆ ಕಾಲುಂಗುರ ಕುಣಿಕೆಗೆ ಸಿಕ್ಕಿ, ಎಳೆದರೆ ನೂಲು ಮೊಳದುದ್ದ ಬಿಚ್ಚಿ ಬಂದಿತ್ತು.

ನಮ್ಮ ನೆಲದ ಗುಣ ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಭೀಮಾ, ಕಾಗಿಣಾ ಸೀಮೆಯ ಸುಣ್ಣಗಲ್ಲು ಪದರುಪದರಾಗಿ ಕೂತಿದೆ. ಸೀಳಿದರೆ ಫರ್ಸಿ, ಸುಟ್ಟರೆ ಸಿಮೆಂಟು. ನೆಲಕ್ಕೆ ಅದೇ, ಗೋಡೆಗೆ ಅದೇ, ಮಾಳಿಗೆಗೆ ಅದೇ, ಹಿತ್ತಲ ಬೇಲಿಗೆ ನೆಟ್ಟಗೆ ನಿಲ್ಲಿಸಿದ್ದೂ ಅದೇ. ಗಾಳಿಯಲ್ಲಿ ಹಾರುವ ಪುಡಿಯೂ ಅದರದೇ. ಹೀಗಾಗಿ ಕಾಕಾನ ಹಾಲ್‌ನಲ್ಲಿ ಕೆಳಗೆ ಕಲ್ಲು, ಮೇಲೆ ಕಲ್ಲಿನ ಪುಡಿ, ನಡುವೆ ಸನ್ಯಾಸಿಯ ಜಡೆ. ಒಂದೇ ತಿಂಗಳಲ್ಲಿ ಸನ್ಯಾಸಿ ವಿಭೂತಿ ಧರಿಸಿದ.

ಪೊರಕೆ ಹಾಕಿದರೆ ಧೂಳು ಮೇಲೆ ಬರುವ ಬದಲು ಬುಡಕ್ಕೆ ಇಳಿಯಿತು. ಮಗ ವ್ಯಾಕ್ಯೂಮ್ ಕ್ಲೀನರ್ ಕಳಿಸಿದ. ಅದರ ಬಾಯಿಗೆ ಜಡೆ ಸಿಕ್ಕಿತು, ಅದನ್ನು ಬಿಡಿಸುವುದರೊಳಗೆ ಕರೆಂಟ್ ಹೋಯಿತು. ಕಾಕಿ ಹಸನು ಮಾಡುವಾಗ ಜಾರಿದ ತೊಗರಿಬೇಳೆ, ಮೊಮ್ಮಗಳ ಕಿವಿಯೋಲೆ, ಕಾಕಾನ ಬಿಪಿ ಗುಳಿಗೆ ಎಲ್ಲವೂ ಅದರಲ್ಲಿ ಸಂಸಾರ ಹೂಡಿದವು. ಒಂದು ಭಾನುವಾರ ಇಬ್ಬರು ಆಳು ಹಿಡಿದು ಹೊತ್ತು ತಂದು ಬೇಲಿಗಲ್ಲಿನ ಮೇಲೆ ಹಾಕಿ ಬಡಿದರು. "ಎರಡನೇ ಕಿಲ್ನ್ ಚಾಲೂ ಆಯ್ತೇನ್ರಿ?" ಎಂದು ಪಕ್ಕದವರು ಕಣ್ಣು ಮುಚ್ಚಿಕೊಂಡೇ ಕೇಳಿದರು. "ಗಾಲೀಚಾ ಅಂತ ತಂದ್ರು, ಗಲೀಜು ಬಂತು," ಎಂದು ಕಾಕಿ ಸೆರಗು ಕೊಡವಿದರು.

ಶಹಾಬಾದಿನ ಉರ್ದು ಮಾಸ್ತರರು ಒಮ್ಮೆ ಬಂದಿದ್ದಾಗ ಗಾಯಕ್ಕೆ ಉಪ್ಪು ಹಾಕಿ ಹೋದರು. "ಫರ್ಸಿ ಅನ್ನೋದು ಫರ್ಶ್ ಅನ್ನೋ ಮಾತಿನಿಂದ ಬಂದದ. ಉರ್ದುವಿನೊಳಗ ಅದು ನೆಲ. ಫಾರಸಿಯೊಳಗ ಏನು ಗೊತ್ತೇನ್ರಿ? ಗಾಲೀಚಾ! ನೀವು ಗಾಲೀಚಾದ ಮ್ಯಾಲ ಗಾಲೀಚಾ ಹಾಸೀರಿ." ಕಾಕಾ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ.

ಈಗ ಗಾಲೀಚಾ ಮೂಲೆಯಲ್ಲಿ ಸುರುಳಿಯಾಗಿ ನಿಂತಿದೆ. ಬೀಗರು ಬಂದರೆ ಮಾತ್ರ ಬಿಚ್ಚುತ್ತದೆ. ಹೊರಗೆ 42 ಡಿಗ್ರಿ ಸುಡುವ ಮೇ ತಿಂಗಳ ಮಧ್ಯಾಹ್ನ ಕಾಕಾ ಬನಿಯನ್ ಮೇಲೆತ್ತಿ, ಬರೀ ಫರ್ಸಿಗೆ ಬೆನ್ನು ಹಚ್ಚಿ ಮಲಗುತ್ತಾರೆ. ಆದರೆ ಚಟ ಬಿಟ್ಟಿಲ್ಲ. ಮೊನ್ನೆ ನಮ್ಮ ಮನೆಗೆ ಬಂದು ನವಲಗುಂದದ ಜಮಖಾನವನ್ನು ಬೆರಳಲ್ಲಿ ತಿಕ್ಕಿ, "ಇದಕ್ಕ ಕೂದಲೇ ಇಲ್ಲಲ್ರೀ!" ಎಂದು ಮರುಗಿದರು. ಇಲ್ಲ ನಿಜ. ಕೊಡವಿದರೆ ಧೂಳು ಉದುರುತ್ತದೆ, ಮಡಚಿದರೆ ಕಂಕುಳಲ್ಲಿ ಕೂರುತ್ತದೆ.

ಕೂದಲಿನದೇ ಬೇಕು ಅನ್ನುವವರಿಗೆ ಒಂದು ಮಾತು. ನಮ್ಮ ಸೀಮೆಗೆ ಕಾಲಿಂಚು ಮೀರದ, ಒತ್ತು ನೇಯ್ಗೆಯ, ಮಣ್ಣಿನ ಬಣ್ಣದ ಕಟ್ ಪೈಲ್ ಸಾಕು. ಒಬ್ಬರೇ ಅಂಗಳಕ್ಕೆ ಎತ್ತಿ ತರುವಷ್ಟು ಚಿಕ್ಕದಿರಲಿ. ಅಂಗಡಿಗೆ ಹೋಗುವಾಗ ಮನೆಯಲ್ಲಿ ಪೊರಕೆ ಹಿಡಿಯುವವರನ್ನು ಕರೆದುಕೊಂಡು ಹೋಗಿ. ಕಾಕಾನನ್ನು ಮಾತ್ರ ಕರೆಯಬೇಡಿ.