ಮಹಡಿ ಕೋಣೆಯ ರೈಲ್ವೆ ದಫ್ತರು

ರೈಲ್ವೆಯಲ್ಲಿ ಬೋಗಿಗಿಂತ ಕಡತಗಳೇ ಉದ್ದ ಎಂದು ಬೇರೆಯವರ ಜೊತೆ ನಾನೂ ನಗುತ್ತಿದ್ದವನೇ. ಈಗ ನಮ್ಮ ಮಹಡಿ ಕೋಣೆಯಲ್ಲಿ ನನ್ನದೇ ಪುಟಾಣಿ ರೈಲ್ವೆ ಓಡುತ್ತಿದೆ. ಉದ್ದ, ಎರಡು ಪ್ಲೈವುಡ್ ಹಲಗೆ. ಜನರಲ್ ಮ್ಯಾನೇಜರಿನಿಂದ ಗ್ಯಾಂಗ್‌ಮನ್‌ವರೆಗೆ ಸಿಬ್ಬಂದಿ ನಾನೊಬ್ಬನೇ. ರಿಜಿಸ್ಟರುಗಳಿಗೆ ಮಾತ್ರ ಪ್ರತ್ಯೇಕ ಬೀರು ಬೇಕಾಗಿದೆ.

ನನ್ನದು ಎಚ್‌ಒ ಸ್ಕೇಲು, ಅಂದರೆ ಅಸಲಿ ರೈಲಿನ 87ರಲ್ಲಿ ಒಂದು ಪಾಲು. ಆ ಲೆಕ್ಕಕ್ಕೆ ನಮ್ಮ 1676 ಮಿ.ಮೀ. ಬ್ರಾಡ್‌ಗೇಜು 19 ಮಿ.ಮೀ. ದಾಟಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ.; ಅದು ಯುರೋಪು, ಅಮೆರಿಕದ ಸ್ಟ್ಯಾಂಡರ್ಡ್ ಗೇಜಿನ ಅಳತೆ. ಷರಾ ಕಾಲಮ್ಮಿನಲ್ಲಿ ‘ವಿಶೇಷ ಪ್ರಕರಣವೆಂದು ಪರಿಗಣಿಸಿ ವಿನಾಯಿತಿ ನೀಡಲಾಗಿದೆ’ ಎಂದು ಬರೆದು ರುಜು ಹಾಕಿದ್ದೇನೆ. ಅರ್ಜಿದಾರನೂ ನಾನೇ, ಮಂಜೂರು ಮಾಡಿದ ಸಾಹೇಬನೂ ನಾನೇ.

ಇಷ್ಟೆಲ್ಲ ಬರೆಯಬೇಕೇ ಎನ್ನುವವರಿಗೆ ಡಿಸಿಸಿಯ, ಅಂದರೆ ಪುಟಾಣಿ ರೈಲುಗಳನ್ನು ಡಿಜಿಟಲ್ ಆದೇಶ ಕೊಟ್ಟು ಓಡಿಸುವ ಪದ್ಧತಿಯ, ಕಾಟ ಗೊತ್ತಿಲ್ಲ. ಇದರಲ್ಲಿ ಒಂದೊಂದು ಎಂಜಿನ್ನಿನ ಹೊಟ್ಟೆಯಲ್ಲೂ ಆ ಆದೇಶ ಓದುವ ಒಂದು ಡಿಕೋಡರು, ಅದಕ್ಕೊಂದು ವಿಳಾಸದ ನಂಬರು. ಕಾರ್ಖಾನೆಯಿಂದ ಬರುವಾಗ ಎಲ್ಲವೂ 3. ಹಾಗೇ ಹಳಿಗಿಳಿಸಿ 3ನ್ನು ಕರೆದರೆ, ಮದುವೆಮನೆಯಲ್ಲಿ ‘ಮಂಜೂ’ ಎಂದು ಕೂಗಿದಂತೆ, ಇದ್ದಬದ್ದವೆಲ್ಲ ಹೊರಡುತ್ತವೆ. ನಂಬರು ಬದಲಿಸಿ ಬರೆದಿಡದಿದ್ದರೋ, ಎಂಜಿನ್ನು ಯಾರು ಕರೆದರೂ ಓಗೊಡದೆ ಕೂರುತ್ತದೆ. ಬಹಳಷ್ಟು ಡಿಕೋಡರುಗಳಲ್ಲಿ 8ನೇ ಸಿವಿಗೆ, ಅಂದರೆ ಸೆಟ್ಟಿಂಗು ಇಡುವ 8ನೇ ಖಾನೆಗೆ, 8 ಎಂದು ತುಂಬಿಸಿದರೆ ಹಳೆಯದೆಲ್ಲ ಮರೆತು ಮತ್ತೆ 3 ಆಗುತ್ತದೆ. ಜೊತೆಗೆ ನಾವು ಹದಮಾಡಿಟ್ಟ ವೇಗ, ದೀಪ ಎಲ್ಲವೂ ಹೋಗುತ್ತವೆ. ಅದಕ್ಕೇ ನಾನು ಎಂಜಿನ್ನಿನ ಮೈಮೇಲೆ ಬರೆದಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನೇ ವಿಳಾಸ ಮಾಡಿಬಿಡುತ್ತೇನೆ.

ಎಣ್ಣೆ ಹಾಕಿದ ತಾರೀಖು, ಚಕ್ರ ಒರೆಸಿದ ತಾರೀಖು, ಯಾವ ಡಬ್ಬಿ ಯಾವ ಅಟ್ಟದಲ್ಲಿ, ಎಲ್ಲಕ್ಕೂ ಕಾಲಂ ಇದೆ. ತಕರಾರು ಬಂದದ್ದು ಬೆಲೆಯ ಕಾಲಮ್ಮಿನಲ್ಲಿ. ಲೆಕ್ಕ ತಪಾಸಣೆಗೆ ಮನೆಯವಳೇ ಬಂದಳು.

“ರೀ, ಇದೇನು, ಸಾಲಿಗೊಂದು ‘ಉ.ಬಂ.’?”

“ಉಡುಗೊರೆ ಬಂದದ್ದು.”

“ಇಷ್ಟೊಂದು ಯಾರು ಕೊಟ್ಟರು?”

“ನಾನೇ.”

ಆಕ್ಷೇಪಣೆ ಇನ್ನೂ ಇತ್ಯರ್ಥವಾಗಿಲ್ಲ.

ಹೊಸದಾಗಿ ಈ ಹುಚ್ಚು ಹಿಡಿಸಿಕೊಳ್ಳುವವರು ಎಂಜಿನ್ನು ಮನೆಗೆ ಬಂದ ದಿನವೇ ಅದರ ವಿಳಾಸ ಬರೆದಿಡಿ, ಡಬ್ಬಿ ಎಸೆಯಬೇಡಿ. ಬೆಲೆಯನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಯಿರಿ.