ಕಣ್ಣಳತೆ ಚಿಕ್ಕಪ್ಪ

ಊರಿಗೊಬ್ಬ ಕಣ್ಣಳತೆಯವನು ಇದ್ದೇ ಇರುತ್ತಾನೆ. ಬಾಗಿಲ ಚೌಕಟ್ಟು, ಮದುವೆ ಚಪ್ಪರ, ಸಾರಿಗೆ ಉಪ್ಪು, ಯಾವುದಾದರೂ ಸರಿ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕಿರಿದು ಮಾಡಿದನೋ ಲೆಕ್ಕ ಮುಗಿಯಿತು. ನಮ್ಮ ಮನೆ ಪಾಲಿಗೆ ಬಂದವನು ಚಿಕ್ಕಪ್ಪ.

ರೋಟವೇಟರ್‌ಗೆ ಪಿಟಿಓ ಶಾಫ್ಟ್ ತರಲು ದಾವಣಗೆರೆಗೆ ಹೊರಟಿದ್ದೆವು. ನಾನು ಟೇಪು ಹುಡುಕುತ್ತಿದ್ದರೆ, ‘ಟೈಲರ್ ಅಂಗಡಿ ಇಡ್ತೀಯೇನೋ?’ ಅಂದ. ಟೇಪು ಗೂಟದಲ್ಲೇ ಉಳಿಯಿತು.

‘ಯಜಮಾನ್ರೆ, ಎಷ್ಟು ಹಲ್ಲಿಂದು? ಎಷ್ಟುದ್ದ ಬೇಕು?’ ಎಂದು ಅಂಗಡಿಯವನು ಕೇಳಿದ. ಹಲ್ಲಿನಲ್ಲಿ ಚಿಕ್ಕಪ್ಪ ಗೆದ್ದ. ನಮ್ಮ ಕಡೆಯ ಟ್ರ್ಯಾಕ್ಟರುಗಳಲ್ಲಿ ಬಹುಪಾಲು 1⅜ ಇಂಚಿನ ಆರು ಹಲ್ಲಿನದೇ, ನಿಮಿಷಕ್ಕೆ 540 ಸುತ್ತು. ಉದ್ದಕ್ಕೆ ಮಾತ್ರ ಎರಡೂ ಕೈ ಚಾಚಿ ‘ಇಷ್ಟು’ ಅಂದ. ಬೆಳಗ್ಗೆ ಹೊಲದಲ್ಲಿ ಚಾಚಿದ್ದ ಅದೇ ಕೈ, ಬಸ್ಸಿಳಿಯುವಷ್ಟರಲ್ಲಿ ಒಂದಿಷ್ಟು ಬೆಳೆದಿತ್ತು. ನಾನು ತುಟಿ ಬಿಚ್ಚಲಿಲ್ಲ. ಓದಿದವನು, ನೋಡಿ!

ಜೋಡಿಸಿ, ಎರಡು ಸಾಲು ಹೊಡೆದದ್ದೂ ಆಯಿತು. ಬದುವಿನ ಹತ್ತಿರ ತಿರುಗಿಸಲು ಹೈಡ್ರಾಲಿಕ್ ಎತ್ತಿದೆ. ಎತ್ತುವಾಗ ಟ್ರ್ಯಾಕ್ಟರಿಗೂ ರೋಟವೇಟರಿಗೂ ನಡುವಿನ ಅಂತರ ಒಂದು ಹಂತದಲ್ಲಿ ಕಿರಿದಾಯಿತು, ಶಾಫ್ಟಿನ ಒಳಕೊಳವೆ ಹೊರಕೊಳವೆಯ ತಳಕ್ಕೆ ಹೋಗಿ ಗುದ್ದಿತು. ಗೇರ್‌ಬಾಕ್ಸಿನ ಬೇರಿಂಗ್ ಹೋಯಿತು. ಚಿಕ್ಕಪ್ಪ ಬಗ್ಗಿ ನೋಡಿ, ‘ಕಂಪನಿ ಮಾಲು ಸರಿ ಇಲ್ಲ’ ಅಂದ. ಹಿಂದಿನ ವರ್ಷ ಶಿಯರ್ ಬೋಲ್ಟ್ ಪದೇ ಪದೇ ಮುರಿಯುತ್ತದೆಂದು ಗಟ್ಟಿ ಉಕ್ಕಿನ ಬೋಲ್ಟ್ ಹಾಕಿದವನೂ ಇವನೇ. ಗೇರು ಉಳಿಯಲಿ ಎಂದೇ ಅದು ಮುರಿಯುವುದು ಮಾರಾಯಾ ಎಂದು ಯಾರು ಹೇಳಬೇಕು?

ಆದರೂ ಅವನ ಕಣ್ಣನ್ನು ಪೂರ್ತಿ ಬೈಯಲಾರೆ. ಜಾಲಿ ಮರದ ಕೊಂಬೆ ನೋಡಿ ‘ಇದರಾಗೆ ಒಂದು ನೇಗಿಲು ಐತೆ’ ಅನ್ನುತ್ತಿದ್ದ. ಬಡಗಿ ಕಡಿದರೆ ಇರುತ್ತಿತ್ತು. ಮಿಣಿ ಅಷ್ಟಿಷ್ಟು ಸಡಿಲಾದರೆ ಎತ್ತು ತಾನೇ ಅರ್ಧ ಹೆಜ್ಜೆ ಸರಿದು ಸಂಭಾಳಿಸುತ್ತಿತ್ತು. ಶಾಫ್ಟಿಗೆ ಆ ದಾಕ್ಷಿಣ್ಯವಿಲ್ಲ.

ಬೇರಿಂಗ್ ಬದಲಾಯಿಸಿದ ಮೇಲೆ ನಾನೇ ಕೂತೆ. ಎತ್ತಿ, ಇಳಿಸಿ ಅಳೆದೆ. ಕೆಲಸ ಮಾಡುವಾಗ ಕೊಳವೆಗಳು ಒಂದರೊಳಗೊಂದು ಕಡೇಪಕ್ಷ ಮೂರನೇ ಒಂದು ಪಾಲಾದರೂ ಕೂತಿರಬೇಕು, ಅದನ್ನೂ ಲೆಕ್ಕ ಹಾಕಿದೆ. ಎರಡನ್ನೂ ಸಮನಾಗಿ ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ, ಗ್ರೀಸು ಬಳಿದೆ. ಎದೆಯುಬ್ಬಿಸಿ ತೂರಿಸಿದರೆ, ಕೂರಲೊಲ್ಲದು! ಬೆವರಿಳಿಯಿತು.

ಬೇವಿನ ಮರದ ಕೆಳಗಿಂದ ಬೀಡಿ ಹೊಗೆಯ ಜೊತೆ ಮಾತು ಬಂತು: ‘ಕೊಳವೆ ಕೊಯ್ದೆ, ಸರಿ. ಮೇಲಿನ ಪ್ಲಾಸ್ಟಿಕ್ ಕವರು ಯಾರು ಕೊಯ್ತಾರೆ? ನಾಲ್ಕು ಬೆರಳು ಜಾಸ್ತಿ ಐತೆ.’

ಟೇಪು ಹಿಡಿದೆ. 7 ಸೆಂಟಿಮೀಟರ್. ಅವನು ಎದ್ದು ಬಂದು ಅದರ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟ.