ಮಜೋರಾ ಮುಖವಾಡದೊಡನೆ ಒಂದು ಕಾಲ್ಪನಿಕ ಸಂದರ್ಶನ

2000ದ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಗೊಂಡ ‘ಮಜೋರಾಸ್ ಮಾಸ್ಕ್’ ವೀಡಿಯೊ ಆಟದ ಆ ನಿತ್ಯಮಂದಹಾಸದ ಮುಖವಾಡ ವ್ಯಾಪಾರಿಯು ದೇವನೋ, ದಾನವನೋ, ಸಾಯುತ್ತಿರುವ ಕಥಾನಾಯಕ ಲಿಂಕನ ಭ್ರಾಂತಿಯೋ ಎಂಬ ಜಿಜ್ಞಾಸೆಯು ಕಾಲು ಶತಮಾನ ಕಳೆದರೂ ಮುಗಿಯದೆ, ಈಗ ಗಂಟೆಗಟ್ಟಲೆಯ ವೀಡಿಯೊ ಭಾಷ್ಯಗಳಾಗಿ ನಮ್ಮ ತಲೆಯ ಮೇಲೆ ಸುರಿಯುತ್ತಿರುವುದರಿಂದ, ಆತನ ವಶದಲ್ಲಿ ನಿರುದ್ಯೋಗಿಯಾಗಿ ಬಿದ್ದಿರುವ ಮಜೋರಾ ಮುಖವಾಡವನ್ನೇ ಕೇಳಿಬಿಡುವುದು ಲೇಸೆಂದು ಬಗೆದೆನು.

ಪ್ರಶ್ನೆ: ವ್ಯಾಪಾರಿಯ ಅಂತರಂಗವನ್ನು ತಮಗಿಂತ ಬಲ್ಲವರಿಲ್ಲ. ಆತನ ಇಂಗಿತವೇನು?

ಮುಖವಾಡ: ಮತ್ತೆ ಅವನ ವಿಚಾರವೆ! ಆಟಕ್ಕೆ ಹೆಸರು ನನ್ನದು. ಚಂದ್ರನನ್ನು ಕ್ಲಾಕ್ ಟೌನಿನ ನೆತ್ತಿಗೆ ಎಳೆತಂದುದು ನಾನು. 72 ಗಂಟೆಗಳಲ್ಲಿ ಟರ್ಮಿನಾ ಲೋಕವೇ ಭಸ್ಮವಾಗತಕ್ಕುದೆಂಬ ಏರ್ಪಾಡೂ ನನ್ನದೇ. ಆದರೂ ಪಂಡಿತರೆಲ್ಲ ಚರ್ಚಿಸುವುದು ಆ ಹಲ್ಲುಕಿರಿಯುವ ಮೂಟೆಗಾರನನ್ನು! ಮೂಟೆಯಲ್ಲಿ ಮಾರಿಯೋವಿನ ಮುಖವೂ ಇದೆ, ನೋಡಿದಿರಾ? ಪುರಾತನ ಜನಾಂಗವೊಂದರ ಅಭಿಚಾರಕರ್ಮಗಳಲ್ಲಿ ಮೆರೆದ ನನಗೆ, ಕೊಳಾಯಿ ರಿಪೇರಿಯವನ ಮೀಸೆಯ ನೆರೆಹೊರೆ!

ಪ್ರಶ್ನೆ: ಆ ಜನಾಂಗವೇ ಬೆದರಿ ತಮ್ಮನ್ನು ಕತ್ತಲೆಯಲ್ಲಿ ಮುಚ್ಚಿಟ್ಟಿತಂತೆ?

ಮುಖವಾಡ: ಮೀಸೆಯ ಮಾತು ಇನ್ನೂ ಮುಗಿದಿಲ್ಲ.

ಪ್ರಶ್ನೆ: ಇರಲಿ. ಲೆಕ್ಕದ ಪುಸ್ತಕ ನನ್ನ ಹಳೆಯ ಗೀಳು. ಹಿಂದಿನ ಆಟವಾದ 1998ರ ‘ಒಕರಿನಾ ಆಫ್ ಟೈಮ್’ನಲ್ಲಿ ಇದೇ ವ್ಯಾಪಾರಿಯು ಬಾಲಕ ಲಿಂಕನಿಗೆ ಮುಖವಾಡಗಳನ್ನು ಕಡವಾಗಿ ಕೊಟ್ಟು ಮಾರಿಸುತ್ತಿದ್ದನು. ಆಟದ ನಾಣ್ಯದಲ್ಲಿ 20 ರೂಪಿಯ ಸ್ಕಲ್ ಮಾಸ್ಕಿಗೆ ಕಾಡಿನ ಸ್ಕಲ್ ಕಿಡ್ ಹತ್ತೇ ಕೊಟ್ಟಾಗ, ಉಳಿದ ಹತ್ತನ್ನು ತುಂಬಿದವರಾರು?

ಮುಖವಾಡ: ಹುಡುಗನೇ. ವ್ಯಾಪಾರವೆಂದ ಮೇಲೆ ಅದೆಲ್ಲ ಉಂಟು. ಆದರೆ ಚಂದ್ರನನ್ನು ನಾನು…

ಪ್ರಶ್ನೆ: ಚಂದ್ರನಿರಲಿ, ಪರಿಹಾಸವೂ ಇರಲಿ. ತನ್ನಿಂದ ಕಳುವಾದ ಮಾಲನ್ನು, ಎಂದರೆ ತಮ್ಮನ್ನು, ಮರಳಿ ತರಲು, ಮೂರು ದಿನಗಳ ಗಡುವಿತ್ತು ಒಂದು ಮಗುವನ್ನು ಅಟ್ಟಿ, ತಾನು ಗಡಿಯಾರ ಗೋಪುರದೊಳಗೆ ಕಾಲಯಾಪನೆ ಮಾಡುವ ವಯಸ್ಕನಲ್ಲಿ ಗೂಢವಾದುದೇನಿದೆ? ಮಗು ಒಕರಿನಾ ವಾದ್ಯ ತಂದಿತು, ಮುಖವಾಡ ತರಲಿಲ್ಲ ಎಂದು ತಿಳಿದೊಡನೆ, ಈಗ ತಾನೇ ನಗುತ್ತಿದ್ದವನು, ನಡುವೆ ಚಲನೆಯ ಸುಳಿವೇ ಇಲ್ಲದೆ, ಮರುಕ್ಷಣ ಆ ಮಗುವನ್ನು ಎತ್ತಿಹಿಡಿದು ಅಲುಗಾಡಿಸುತ್ತಾನೆ. ನೋಡಿದವರು ಆಹಾ ಎಂಥ ನಿಗೂಢತೆಯೆಂದು ರೋಮಾಂಚಗೊಳ್ಳುತ್ತಾರೆ! ಲೋಟ ಒಡೆದ ಹುಡುಗನ ರಟ್ಟೆ ಹಿಡಿದು ಜಗ್ಗುವ ಹೋಟೆಲಿನ ಯಜಮಾನನಲ್ಲಿ ಮಾತ್ರ ಯಾರೂ ದೈವಾಂಶವನ್ನು ಶಂಕಿಸಿದ್ದಿಲ್ಲ.

ಮುಖವಾಡ: ಸಾಂಗ್ ಆಫ್ ಹೀಲಿಂಗ್ ಕಲಿಸಿಕೊಟ್ಟನಲ್ಲ, ಅದು ಕೂಲಿಯಲ್ಲವೆ?

ಪ್ರಶ್ನೆ: ನೊಂದ ಆತ್ಮಗಳನ್ನು ಮುಖವಾಡಗಳಾಗಿಸುವ ಹಾಡು! ಕಸಬು ಕಲಿಸುವ ನೆವದಲ್ಲಿ ಸಂಬಳ ಉಳಿಸುವ ಹಳೆಯ ಉಪಾಯ. ಕಡೆಗೇನು ಕೊಟ್ಟನು?

ಮುಖವಾಡ: ಕಡೆಗೆ ನನ್ನನ್ನೆತ್ತಿಕೊಂಡು, ನನ್ನಲ್ಲಿದ್ದ ದುಷ್ಟಶಕ್ತಿ ತೊಲಗಿತೆಂದು ಸಾರಿ, ನಾಲ್ಕು ಹೆಜ್ಜೆ ನಡೆದು ಅಂತರ್ಧಾನನಾದನು. ಹುಡುಗನ ಕೈಗೆ ಒಂದು ರೂಪಿಯೂ ಬೀಳಲಿಲ್ಲ. ಅದು ಹೋಗಲಿ, ದುಷ್ಟಶಕ್ತಿ ಕಳೆದ ಮೇಲೆ ನನ್ನ ಬೆಲೆ ಎಷ್ಟಕ್ಕೆ ಇಳಿಯಿತೆಂದು ಇಂದಿಗೂ ಯಾರೂ ಹೇಳಿಲ್ಲ. ತಾವು ಲೆಕ್ಕ ಬಲ್ಲವರು. ಮೀಸೆಯವನಿಗಿಂತ ಹೆಚ್ಚುಂಟೆ?